ಐದು ಪದರಿನ ಬಸ್ಸು

ಸಾಹೇಬರ ಕೋಣೆಯಲ್ಲಿ ಒಂದು ಗಾಜಿನ ಕಪಾಟು ಖಾಲಿ ಇತ್ತು. ನಂದಕಿಶೋರನ ಅಷ್ಟೂ ಫಜೀತಿಗೆ ಮೂಲ ಅದೇ.

ನಾರಾಯಣಖೇಡದ ಒಂದು ಸಣ್ಣ ಸರಕಾರಿ ಕಚೇರಿಯಲ್ಲಿ ಅವನು ಗುಮಾಸ್ತ; ತನ್ನ ಕಣ್ಣಿಗೆ ಮಾತ್ರ ಮಹಾಶಿಲ್ಪಿ. "ನೀ ಮಾಡಿದ್ದೇನಾರ ಇದ್ರ ತಂದಿಡು, ಕೆಳಗ ನಿನ್ನ ಹೆಸ್ರೂ ಬರ್ಸೋಣು" ಎಂದು ಮಹಾದೇವ ಸಾಹೇಬರು ಯಾವುದೋ ಗುಂಗಿನಲ್ಲಿ ಅಂದುಬಿಟ್ಟಿದ್ದರು. ಅಂದಿನಿಂದ ಆ ಗಾಜಿನ ಹಿಂದೆ ತನ್ನ ಹೆಸರು ಕಾಣುವುದೊಂದೇ ಅವನ ಜನ್ಮದ ಗುರಿಯಾಯಿತು.

ಮೊದಲು ಥರ್ಮಾಕೋಲಿನಲ್ಲಿ ತಾಂಡೂರು ಸ್ಟೇಷನ್ ಕಟ್ಟಿದ. ಸ್ಪ್ರೇ ಬಣ್ಣ ಹೊಡೆದದ್ದೇ ತಡ, ಪ್ಲಾಟ್‌ಫಾರ್ಮು ಬಿಸಿ ರೊಟ್ಟಿಯ ಮೇಲಿನ ಬೆಣ್ಣೆಯಂತೆ ಕರಗಿಹೋಯಿತು. ಆಮೇಲೆ ಜೋಳದ ದಂಟಿನ ಬೆಂಡಿನಲ್ಲಿ ಎತ್ತಿನ ಗಾಡಿ. ಅದರ ಬಾಳಿಕೆಯನ್ನು ಪಕ್ಕದ ಮನೆಯ ಆಡು ಚಕ್ರದಿಂದ ನೊಗದ ತನಕ ಪರೀಕ್ಷೆ ಮಾಡಿ ಮುಗಿಸಿತು; ಆ ಸುದ್ದಿ ಕಚೇರಿಗೂ ಮುಟ್ಟಿತು.

ಮೂರನೆಯ ಸಲ ಜ್ಞಾನೋದಯವಾಯಿತು. ಲಗ್ನಪತ್ರಿಕೆ! ಊಟದಲ್ಲಿ ಪಲ್ಯ ಕಡಿಮೆಯಾದರೂ ಚಿಂತೆಯಿಲ್ಲ, ಪತ್ರಿಕೆ ಮಾತ್ರ ಹಲಗೆಯಷ್ಟು ದಪ್ಪ ಇರಬೇಕೆನ್ನುವ ಜನ ಸುತ್ತಮುತ್ತ ಇರುವಾಗ ಬೇರೆ ಮಾಲು ಯಾಕೆ? ಮನೆಯಲ್ಲಿ ಬಿದ್ದಿದ್ದ ಪತ್ರಿಕೆಗಳನ್ನೆಲ್ಲ ಐದೈದು ಪದರು ಅಂಟಿಸಿ, ಒತ್ತಿ, ಕೊಯ್ದು ಒಂದು ಬಸ್ಸು ಮಾಡಿದ. ಕೆಲವನ್ನು ಲಕೋಟೆಯಿಂದ ಹೊರಗೂ ತೆಗೆಯಲಿಲ್ಲ. ಇದ್ದಂತೆಯೇ ಇದ್ದರೆ ದಪ್ಪ ಜಾಸ್ತಿ. ಮೇಲೆ ಕೆಂಪು ಬಣ್ಣ, ಅದರ ಮೇಲೆ ವಾರ್ನಿಶ್. ತಳಕ್ಕೆ ವಾರ್ನಿಶ್ ಸಾಲಲಿಲ್ಲ. ತಳ ಯಾರು ನೋಡುತ್ತಾರೆ?

ಸೋಮವಾರ ಬೆಳಿಗ್ಗೆ ಬಸ್ಸು ಸಾಹೇಬರ ಮೇಜು ಹತ್ತಿತು.

"ಛಲೋ ಅದ. ಯಾವ ಮಾಲು ಇದು?"

"ಅದು ಗುಟ್ಟು ಅದರಿ ಸಾಹೇಬ್ರೆ. ನೂರು ವರ್ಷ ಏನೂ ಆಗಲ್ಲ." ಕಪಾಟಿನ ಕೀಲಿಕೈ ಇನ್ನೂ ಅವರ ಕಿಸೆಯಲ್ಲೇ ಇತ್ತಾದ್ದರಿಂದ ನಂದಕಿಶೋರ ಸ್ವಲ್ಪ ಬೆಣ್ಣೆ ಹಚ್ಚಿದ: "ನಿಮ್ಮ ಮಗಳ ಲಗ್ನದಾಗ ಜಿಲೇಬಿ ತಿಂದಿದ್ದೆನಲ್ರಿ, ಇನ್ನಾ ನಾಲಿಗಿ ಮ್ಯಾಲ ಅದ."

ಸಾಹೇಬರು ಕನ್ನಡಕದ ಮೇಲಿಂದ ಒಮ್ಮೆ ನೋಡಿ "ಹೂಂ" ಅಂದರು.

ಅಷ್ಟರಲ್ಲಿ ಟೈಪಿಸ್ಟ್ ಮಾಲತೀಬಾಯಿ ಒಳಗೆ ಬಂದರು. "ಇದನ್ನ ನಿಮ್ಮ ಬಾಜೂ ಮನಿ ಆಡಿಗಿ ತೋರ್ಸೀರೇನ್ರಿ?"

"ಬಾಯಾರೆ, ಇದು ಘಟ್ಟಿ ಅದ ನೋಡ್ರಿ!" ನಂದಕಿಶೋರ ಬಸ್ಸನ್ನು ಎತ್ತಿ ನೆಲಕ್ಕೇ ಬಿಟ್ಟ. ಏನೂ ಆಗಲಿಲ್ಲ. ಮಾಲತೀಬಾಯಿ ತಮ್ಮ ನಾಲ್ಕು ಡಬ್ಬಿಯ ಕ್ಯಾರಿಯರನ್ನು ಬಸ್ಸಿನ ಮೇಲಿಟ್ಟರು. ಜಗ್ಗಲಿಲ್ಲ. ಅವನ ಎದೆ ಪೂರಿಯಂತೆ ಉಬ್ಬಿತು.

ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ನರಸಿಂಹುಲುವಿಗೆ ಯಾರೂ ಕೇಳದಿದ್ದಾಗಲೇ ಬುದ್ಧಿ ಓಡುವುದು. "ಎಲ್ಲಾ ಬರೋಬರ್ ಅದ ಸಾಬ್. ಮಳಿ ಬಂದ್ರ?"

"ಕಪಾಟಿನಾಗ ಮಳಿ ಬರ್ತದೇನೋ?" ಎಂದ ನಂದಕಿಶೋರ.

"ಅಂದ್ರ ನೀರಿಗಿ ಅಂಜತದ ಅನ್ರಿ" ಎಂದು ಮಾಲತೀಬಾಯಿ ನಕ್ಕರು.

ನಂದಕಿಶೋರನಿಗೆ ತಳ ನೆನಪಾಯಿತು. ಆದರೆ ಮೂರು ಜೊತೆ ಕಣ್ಣು ನೋಡುತ್ತಿರುವಾಗ ಜಂಬವೇ ಗೆದ್ದಿತು. "ಅಂಜಾದೇನದ? ಮುಳುಗ್ಸು!"

ನರಸಿಂಹುಲು ಬಸ್ಸನ್ನು ಕೋಣೆಯ ಮೂಲೆಯಲ್ಲಿದ್ದ ಕೂಲರಿನ ತೊಟ್ಟಿಯ ನೀರಿಗಿಳಿಸಿದ. ಎರಡು ನಿಮಿಷ ಎಲ್ಲ ಸರಿಯಿತ್ತು. ಮೂರನೆಯ ನಿಮಿಷಕ್ಕೆ ಬಸ್ಸು ದಿನ ತುಂಬಿದ ಎಮ್ಮೆಯಂತೆ ದಪ್ಪವಾಯಿತು. ಆಮೇಲೆ ಪದರು ಪದರಾಗಿ ಬಿಚ್ಚಿಕೊಂಡಿತು.

"ಅಯ್ಯ! ಇದು ನಮ್ಮ ತಂಗಿ ಗೌತಮಿ ಲಗ್ನದ್ದು! ಹೋಗಿ ಹೋಗಿ ಗಾಲಿ ಮಾಡ್ಯಾರ ನೋಡ್ರಿ!" ಮಾಲತೀಬಾಯಿ ಕಿರುಚಿದರು.

"ನಮ್ಮ ತಮ್ಮಂದು ಡ್ರೈವರ್ ಸೀಟು ಆಗ್ಯದ" ಎಂದ ನರಸಿಂಹುಲು. ಅವನಿಗೆ ಅದೇನೋ ಹೆಮ್ಮೆ.

ಕೊನೆಗೆ ತಳದಿಂದ ಒಂದು ಕೇಸರಿ ಲಕೋಟೆ ಕಳಚಿ ಮೇಲೆ ಬಂತು. ಅದರ ಬಾಯಿಗೆ ಅಂಟಿಸಿದ್ದ ಗಣಪತಿಯ ಚೀಟಿ ಹರಿದೇ ಇರಲಿಲ್ಲ. ಮುಂದೆ ಕರಿ ಮಾರ್ಕರಿನಲ್ಲಿ, ಸಾಹೇಬರದೇ ದುಂಡು ಅಕ್ಷರ: "ಶ್ರೀ ನಂದಕಿಶೋರ, ಸಹಕುಟುಂಬ."

ನರಸಿಂಹುಲು ಅದನ್ನೆತ್ತಿ ಸಾಹೇಬರ ಕೈಗೆ ಕೊಟ್ಟ.

ಸಾಹೇಬರು ಲಕೋಟೆಯ ನೀರು ಝಾಡಿಸಿದರು. "ಜಿಲೇಬಿ ಅಂದಾಗೇ ಅನ್ಕೊಂಡೆ. ಲಗ್ನದಾಗ ಜಿಲೇಬಿ ಎಲ್ಲಿತ್ತು? ನಾವು ಖುಬಾನಿ ಮೀಠಾ ಮಾಡ್ಸಿದ್ವಿ."

"ಸಾಹೇಬ್ರೆ, ಅದು…"

"ನೀ ಹೇಳಿದ್ದೊಂದು ಮಾತು ಖರೆ ಆತು. ಮಾಲು ಘಟ್ಟಿ ಅದ. ಒಂದ್ ಅಕ್ಷರ ಸುದ್ದಾ ಅಳ್ಸಿಲ್ಲ."

ಅವರು ಕಿಸೆಯಿಂದ ಕೀಲಿಕೈ ತೆಗೆದು, ಕಪಾಟು ತೆರೆದು, ಲಕೋಟೆಯನ್ನು ನಟ್ಟನಡುವೆ ಮುಂದೆ ಮುಖ ಮಾಡಿ ನಿಲ್ಲಿಸಿ, ಬೀಗ ಹಾಕಿದರು.

ಗಾಜಿನ ಹಿಂದೆ ನಂದಕಿಶೋರನ ಹೆಸರನ್ನು ಈಗ ಬಾಗಿಲಲ್ಲಿ ನಿಂತವರೂ ಓದಬಹುದು. ಸಾಹೇಬರ ನಿವೃತ್ತಿಗೆ ಇನ್ನೂ ಒಂಬತ್ತು ವರ್ಷವಿದೆ.