ಜಿಗಣೆಯ ಉಪ್ಪೂ ಮೊಮ್ಮಗಳ ಕಿವಿಯೂ

ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನನ್ನ ಮನಸ್ಸು ಬದಲಾಯಿಸಲು ಯಾರೂ ಕಷ್ಟಪಡಬೇಕಾಗಿಲ್ಲ. ಮಕ್ಕಳ ನೆಗಡಿಗೆ, ಗಂಟಲು ಕೆರೆತಕ್ಕೆ, ಕಿವಿನೋವಿಗೆ ಉಪ್ಪಿನಂಥ ಮದ್ದು ಇನ್ನೊಂದಿಲ್ಲ ಎಂದು ನಂಬಿದವನು ನಾನು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದ ಹಿರಿಯರು ಬರೀ ಅಡುಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಹೇಳಿರಲಾರರು. ನನ್ನ ತಾಯಿ ಹೆಂಚಿನ ಮೇಲೆ ಕಲ್ಲುಪ್ಪು ಹುರಿದು, ಹಳೇ ಪಂಚೆಯ ಚೂರಿನಲ್ಲಿ ಗಂಟು ಕಟ್ಟಿ, ಮೊದಲು ತನ್ನ ಕೆನ್ನೆಗೆ ಮುಟ್ಟಿಸಿ ಬಿಸಿ ನೋಡಿ, ಆಮೇಲೆ ನನ್ನ ಕಿವಿಯ ಹಿಂದೆ ಶಾಖ ಕೊಡುತ್ತಿದ್ದಳು. ನೋವು ಉಪ್ಪಿನಿಂದ ಹೋಗುತ್ತಿತ್ತೋ, ತಾನಾಗಿಯೇ ಹೋಗುತ್ತಿತ್ತೋ ಎಂದು ಕೇಳುವ ಸೊಸೆ ಆಗ ಮನೆಯಲ್ಲಿರಲಿಲ್ಲ.

ಈಗ ಇದ್ದಾಳೆ. ಸೊಸೆ ಸುಮಾ ಮಡಿಕೇರಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಗಾಳಿಬೀಡಿನ ನಮ್ಮ ಮನೆಯಿಂದ ದಿನಾ ಹೋಗಿ ಬರುತ್ತಾಳೆ. ಒಳ್ಳೆಯ ಹುಡುಗಿ, ನನ್ನ ಬಿ.ಪಿ.ಯನ್ನು ನನಗಿಂತ ಹೆಚ್ಚು ಚಿಂತೆಯಿಂದ ನೋಡಿಕೊಳ್ಳುತ್ತಾಳೆ. ಆದರೆ ಮೊಮ್ಮಗಳು ಚಿನ್ನುವಿಗೆ ಒಂದು ಸೀನು ಬಂದರೂ ನಾನು ಬಾಣಲೆಯ ಕಡೆ ನೋಡುವುದನ್ನು ಗಮನಿಸಿ, ಮನೆಯಲ್ಲಿದ್ದ ಕಲ್ಲುಪ್ಪಿನ ಡಬ್ಬಿಯನ್ನೇ ಎಲ್ಲೋ ಬಚ್ಚಿಟ್ಟುಬಿಟ್ಟಳು. ಹೆಡ್‌ಮಾಸ್ಟರಾಗಿ ನಿವೃತ್ತನಾದವನ ಮೇಲೆ ಉಪ್ಪಿನ ನಿರ್ಬಂಧ! ಮಗ ಕುಟ್ಟದ ಕಡೆ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ನೋಡುವ ರೈಟರ್, ವಾರಕ್ಕೊಮ್ಮೆ ಬರುತ್ತಾನೆ. ಬಂದಾಗ ಇಬ್ಬರ ಪಕ್ಷವನ್ನೂ ವಹಿಸಿ, ಕೋಳಿಸಾರು ಉಂಡು ಹೋಗುತ್ತಾನೆ. ಎದುರು ಮನೆಯ ಪೊನ್ನಪ್ಪನವರು ಮಾತ್ರ, "ಉಪ್ಪೂ ಬೇಡ, ಇಂಗ್ಲಿಷ್ ಮದ್ದೂ ಬೇಡ ಮಾಸ್ಟ್ರೇ, ಎದೆಗೆ ಒಂದು ಡ್ರಾಪ್ ಬ್ರಾಂದಿ ಉಜ್ಜಿ, ಬಾಕಿದ್ದು ನಾವು ನೋಡುವ" ಎಂದು ಮಧ್ಯಸ್ಥಿಕೆಗೆ ಬಂದಿದ್ದರು. ಅವರ ಉದಾರತೆಯ ಬಗ್ಗೆ ನನಗೆ ಗೌರವವಿದೆ, ಆದರೆ ಅವರು ನೋಡುವ ಬಾಕಿ ಯಾವಾಗಲೂ ಬಹಳ ಹೆಚ್ಚು.

ಹೀಗಿರುವಾಗ ಹೋದ ಮಳೆಗಾಲದಲ್ಲಿ ಚಿನ್ನುವಿಗೆ ನೆಗಡಿ ಹತ್ತಿತು. ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳೇ ಬಲಗಿವಿ ಹಿಡಿದುಕೊಂಡು ಅಳತೊಡಗಿದಳು. ಆ ಮಗು ಸುಮ್ಮನೆ ಅಳುವ ಜಾತಿಯದಲ್ಲ. ಸುಮಾಗೆ ಫೋನ್ ಮಾಡಿದೆ.

"ಮಾವ, ನಾನು ಈಗ್ಲೇ ಹೊರಟೆ. ಬಂದು ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಕಿವಿಗೆ ಏನೂ ಹಾಕ್ಬೇಡಿ. ಏನೂ!"

ಕಿವಿಗೆ ಹಾಕಬೇಡಿ ಎಂದಳು. ಕಿವಿಯ ಹಿಂದೆ ಇಡಬೇಡಿ ಎಂದಳೇ? ಇಲ್ಲ. ಶಿಕ್ಷಣ ಇಲಾಖೆಯ ಸುತ್ತೋಲೆಗಳನ್ನು ಜೀವಮಾನವಿಡೀ ತಮಗೆ ಬೇಕಾದ ಹಾಗೆ ಓದಿ ಬದುಕಿದವರಿಗೆ ಇಷ್ಟು ಸಂದು ಸಾಕು. ಉಪ್ಪು ಹುಡುಕಿದೆ. ಪ್ಯಾಕೆಟ್ಟಿನ ಪುಡಿ ಉಪ್ಪಿತ್ತು, ಆದರೆ ಪುಡಿ ಉಪ್ಪಿನಲ್ಲಿ ಶಾಖ ನಿಲ್ಲುವುದಿಲ್ಲ ಎಂದು ನನ್ನ ಸಿದ್ಧಾಂತ. ಆಗ ಹಿಂಬಾಗಿಲ ಹತ್ತಿರ ಕಣ್ಣಿಗೆ ಬಿತ್ತು, ಕೋಲಿನ ತುದಿಗೆ ಕಟ್ಟಿದ ಉಪ್ಪಿನ ಗಂಟು! ತೋಟಕ್ಕೆ ಇಳಿದಾಗ ಕಾಲಿಗೆ ಹತ್ತುವ ಜಿಗಣೆಗಳಿಗೆ ಮುಟ್ಟಿಸಲು ನಮ್ಮ ಕಡೆ ಮನೆಮನೆಯಲ್ಲೂ ಅಂಥದ್ದೊಂದು ಇರುತ್ತದೆ. ಅಂದು ಬೆಳಿಗ್ಗೆಯಷ್ಟೇ ನನ್ನ ಹೆಂಡತಿ ಸಾವಿತ್ರಿ ಹೊಸ ಬಟ್ಟೆಯಲ್ಲಿ ಹೊಸದಾಗಿ ಕಟ್ಟಿಟ್ಟಿದ್ದಳು, ಇನ್ನೂ ಒಂದು ಜಿಗಣೆಯನ್ನೂ ಕಂಡಿರಲಿಲ್ಲ. ಜಿಗಣೆಗಾದರೇನು, ಮಗುವಿಗಾದರೇನು, ಉಪ್ಪು ಉಪ್ಪೇ ತಾನೆ? ಕೋಲಿನಿಂದ ಗಂಟು ಬಿಚ್ಚಿಕೊಂಡು ಬಟ್ಟೆ ಸಮೇತ ಹಾಗೇ ಬಾಣಲೆಗೆ ಹಾಕಿದೆ.

ಇಲ್ಲಿ ಒಂದು ಮಾತು. ನಮ್ಮ ಮನೆಯಲ್ಲಿ ತೋಟಕ್ಕೆ ಇಳಿಯುವವಳು ಸಾವಿತ್ರಿ, ತೋಟದ ಬಗ್ಗೆ ಮಾತಾಡುವವನು ನಾನು. ಆದ್ದರಿಂದ ಆ ಗಂಟಿನಲ್ಲಿ ಉಪ್ಪಿನ ಜೊತೆ ಒಂದು ಹಿಡಿ ಹೊಗೆಸೊಪ್ಪಿನ ಪುಡಿಯನ್ನೂ ಸೇರಿಸಿರುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ಬಾಣಲೆ ಕಾದ ಮೇಲೆ ಗೊತ್ತಾಯಿತು. ಮೊದಲು ಮೂಗು ಉರಿಯಿತು, ಆಮೇಲೆ ಕಣ್ಣು, ಆಮೇಲೆ ಇಡೀ ಅಡುಗೆಮನೆ. ಚಿನ್ನುವನ್ನು ಎತ್ತಿಕೊಂಡು ಜಗಲಿಗೆ ಓಡಿದೆ. ಕೊಟ್ಟಿಗೆಯಲ್ಲಿದ್ದ ಸಾವಿತ್ರಿ ಮನೆಗೆ ಬೆಂಕಿ ಬಿತ್ತೆಂದು ಓಡಿಬಂದು, ಒಲೆ ಆರಿಸಿ, ಕೆಮ್ಮುತ್ತಾ ಹೊರಗೆ ಬಂದಳು. "ರೀ, ಅದು ಜಿಗಣೆ ಸಾಯ್ಲಿ ಅಂತ ಕಟ್ಟಿದ್ದು, ಮನೆಯೋರು ಸಾಯ್ಲಿ ಅಂತ ಅಲ್ಲ!" ನಾನು ಉತ್ತರ ಕೊಡಲು ಬಾಯಿ ತೆರೆದರೆ ಸೀನು ಬಂತು. ಚಿನ್ನುವಿಗೂ ಬಂತು. ಸಾವಿತ್ರಿಗೂ ಬಂತು. ನನ್ನ ಸೀನಿನ ಸದ್ದಿಗೆ ಮಗು ಅಳು ನಿಲ್ಲಿಸಿ ನಗತೊಡಗಿತು. ಆ ಹೊತ್ತಿಗೆ ಸರಿಯಾಗಿ ಸುಮಾ ಆಟೋದಿಂದ ಇಳಿದಳು. ಮೂವರೂ ಕಣ್ಣೀರು ಸುರಿಸುತ್ತಾ ಕೂತಿದ್ದನ್ನು ಕಂಡು ಅವಳ ಮುಖ ಬೆಳ್ಳಗಾಯಿತು. ವಿಷಯ ತಿಳಿದ ಮೇಲೆ ಕೆಂಪಗಾಯಿತು.

"ಮಾವ, ಇನ್ಮೇಲೆ ಅವಳಿಗೆ ಹುಷಾರಿಲ್ಲದಾಗ ನೀವು ಹತ್ರನೂ ಬರ್ಬೇಡಿ" ಎಂದಳು. ದನಿ ಎತ್ತಿ ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಮೆಲ್ಲಗೆ ಹೇಳಿದಳು, ಅದಕ್ಕೇ ನಾಟಿತು.

ಆದರೂ ಆಟೋ ಹತ್ತಿ ಕೂತೆ. ಡಾಕ್ಟರಮ್ಮ ಕಿವಿಯೊಳಗೆ ದೀಪ ಬಿಟ್ಟು ನೋಡಿ, ಒಳಗೆ ಸೋಂಕಾಗಿದೆ ಎಂದು ಔಷಧಿ ಬರೆದರು. ಕಟ್ಟಿದ ಮೂಗಿಗೆಂದು ಒಂದು ಸಣ್ಣ ಬಾಟಲಿಯನ್ನೂ ಕೊಟ್ಟರು. ಕನ್ನಡಕ ಏರಿಸಿ ಅದರ ಮೇಲಿನ ಅಕ್ಷರ ಓದಿದೆ. ನನ್ನ ಎದೆ ಉಬ್ಬಿತು.

"ಡಾಕ್ಟ್ರೇ, ಇದು ಉಪ್ಪುನೀರು!"

"ಹೌದು ಸರ್, ಉಪ್ಪುನೀರೇ. ಮೂಗಿಗೆ ಬಹಳ ಒಳ್ಳೇದು" ಎಂದರು ಡಾಕ್ಟರಮ್ಮ. ನಾನು ಸುಮಾಳ ಕಡೆ ಗೆದ್ದವನಂತೆ ತಿರುಗುವಷ್ಟರಲ್ಲಿ, "ಆದ್ರೆ ನಾವು ಹೊಗೆಸೊಪ್ಪು ಸೇರಿಸಲ್ಲ" ಎಂದರು. ಸೊಸೆಯರು ಎಷ್ಟು ಬೇಗ ಎಲ್ಲ ಹೇಳಿಬಿಡುತ್ತಾರೆ!

ಮಾರನೆಯ ಸಂಜೆ ನಾನು ಆಜ್ಞೆಯಂತೆ ಜಗಲಿಯಲ್ಲೇ ಇದ್ದೆ. ಔಷಧಿ ಕುಡಿದ ಚಿನ್ನು ತಾನಾಗಿಯೇ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟಳು. "ತಾತ, ಇನ್ನೂ ಚೂರು ನೋಯ್ತದೆ. ಉಪ್ಪು ಬೇಡ. ಕೈ ಇಡು." ಇಟ್ಟೆ. "ಅಯ್ಯೋ, ನಿನ್ ಕೈ ಐಸು!" ಎಂದು ತಳ್ಳಿದಳು.

ಈಗ ಬಂದೆ ಎಂದು ಅಡುಗೆಮನೆಗೆ ಹೋದೆ. ಸಾವಿತ್ರಿ ರೊಟ್ಟಿ ತಟ್ಟುತ್ತಿದ್ದಳು. ನನ್ನ ಮುಖ ನೋಡಿದಳು. "ಅಟ್ಟದ ಮೇಲೆ, ಅಕ್ಕಿಹಿಟ್ಟಿನ ಡಬ್ಬಿ ಹಿಂದೆ" ಎಂದಷ್ಟೇ ಹೇಳಿ ಮತ್ತೆ ರೊಟ್ಟಿ ಕಡೆ ತಿರುಗಿದಳು.

ಹಿಂದಿರುಗಿ ಕೈಯಿಟ್ಟಾಗ ಚಿನ್ನು ಕಣ್ಣು ಮುಚ್ಚಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸುಮಾ ನನ್ನನ್ನು ಓಡಿಸಲಿಲ್ಲ, ಹತ್ತಿರ ಬಂದು ಕೂತಳು. "ನೋಡಿ ಮಾವ, ಅವಳಿಗೆ ಬೇಕಾಗಿದ್ದು ನಿಮ್ಮ ಕೈ. ಉಪ್ಪು ಗಿಪ್ಪು ಏನೂ ಬೇಕಾಗಿರ್ಲಿಲ್ಲ" ಎಂದಳು. ನಿಜವಮ್ಮ ಎಂದು ತಲೆಯಾಡಿಸಿದೆ. ಮಗು ಪೂರ್ತಿ ನಿದ್ದೆಹೋದರೂ, ಕಾಲು ಜೋಮು ಹಿಡಿದರೂ, ಸುಮಾ ಅಲ್ಲಿಂದ ಎದ್ದು ಹೋಗುವವರೆಗೆ ಆ ಕೈ ಮಾತ್ರ ತೆಗೆಯಲಿಲ್ಲ. ತೆಗೆದಿದ್ದರೆ, ಕೈ ಬೆಚ್ಚಗಾಗಲೆಂದು ಅಂಗೈಯಲ್ಲಿ ಒತ್ತಿಕೊಂಡಿದ್ದ ಬಿಸಿ ಕಲ್ಲುಪ್ಪಿನ ಹರಳುಗಳ ಗುರುತು ಅವಳಿಗೆ ಕಾಣುತ್ತಿತ್ತು.