ಕಲ್ಲಿನೂರಿನಲ್ಲಿ ಒಂದು ತೆಪ್ಪ

ಹಿತ್ತಿಲಲ್ಲಿ ಮರದ ಜಗಲಿ ಇಟ್ಟುಕೊಂಡವನಿಗೆ ವರ್ಷಕ್ಕೊಂದಾದರೂ ನಗೆಪಾಟಲು ತಪ್ಪಿದ್ದಲ್ಲ. ಎಲ್ಲಿ ಅಗೆದರೂ ಕಲ್ಲೇ ಸಿಗುವ ನಮ್ಮ ಹೊಸೂರು, ಕೃಷ್ಣಗಿರಿ ಕಡೆಯಲ್ಲಂತೂ ಕೇಳುವುದೇ ಬೇಡ.

ನಾನು ಬಾಗಲೂರಿನಲ್ಲಿ ಕನ್ನಡ ಮೇಷ್ಟ್ರು. ನನ್ನ ಹೆಂಡತಿ ಹೊಸೂರಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಯಂತ್ರಗಳು ಬರುತ್ತಿದ್ದ ಪೆಟ್ಟಿಗೆಗಳ ದಪ್ಪ ಹಲಗೆಗಳನ್ನು ಹರಾಜಿನಲ್ಲಿ ಹಿಡಿದು, ಬಡಗಿಯನ್ನು ಕರೆಸಿ, ಹಿತ್ತಿಲ ಹೊಂಗೆ ಮರದ ಕೆಳಗೆ ಜಗಲಿ ಮಾಡಿಸಿದಳು. ನೆಲದಿಂದ ಒಂದು ಗೇಣು ಮೇಲೆ. ನೀರು ಇಳಿಯಲೆಂದು ಹಲಗೆ ಹಲಗೆಗೂ ನಡುವೆ ಸಂದು. "ನೀರೇ ಇಲ್ದಿರೋ ಊರಾಗೆ ಮೇಷ್ಟ್ರ ಹೆಂಡ್ರು ತೆಪ್ಪ ಕಟ್ಟವ್ರೆ" ಎಂದು ನೆರೆಯವರು ನಕ್ಕರು. ತೆಪ್ಪ ಎಂಬ ಹೆಸರೇ ನಿಂತಿತು.

ಅವಳು ತೀರಿಕೊಂಡ ಮೇಲೆ ಅದರ ಆರೈಕೆ ನನ್ನ ಪಾಲಿಗೆ ಬಂತು. ಅವಳು ಹೇಳುತ್ತಿದ್ದ ಕ್ರಮ ನನಗೆ ಬಾಯಿಪಾಠ. ಸಂದಿನ ಉದ್ದಕ್ಕೆ ಗುಡಿಸಬೇಕು, ಅಡ್ಡಕ್ಕಲ್ಲ. ಅಂಟುವಾಳದ ನೀರಿನಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೆ, ಮಳೆಗಾಲಕ್ಕೆ ಮುಂಚೆ ಅಗಸೆ ಎಣ್ಣೆ ಹಚ್ಚಬೇಕು. ನನ್ನ ಕಾಲದವರೆಗೆ ಅದು ಉಳಿದರೆ ಸಾಕೆಂಬುದೊಂದೇ ನನ್ನ ಆಸೆ. ಆದರೆ ಅವಳ ತಮ್ಮ, ಕೃಷ್ಣಗಿರಿಯಲ್ಲಿ ಗ್ರಾನೈಟ್ ವ್ಯಾಪಾರ ಮಾಡುವ ನನ್ನ ಬಾಮೈದ, ಬಂದಾಗಲೆಲ್ಲ ಹೇಳುತ್ತಿದ್ದ: "ಭಾವ, ಈ ಪೆಟ್ಟಿಗೆ ಹಲಗೆ ಕಿತ್ತಾಕಿ. ಅಕ್ಕನ ನೆಪ್ಪಿಗೆ ಫಸ್ಟ್ ಕ್ಲಾಸ್ ಕರಿಕಲ್ಲು ಹಾಕ್ಸ್ತೀನಿ." ಆ ಪ್ರೀತಿಗೆ ಇಲ್ಲವೆನ್ನುವ ಬಾಯಿ ನನಗಿಲ್ಲ. "ನೋಡೋಣಪ್ಪ" ಎನ್ನುತ್ತಿದ್ದೆ.

ಸಾರಣೆ

ಮೊದಲ ವರ್ಷ ಯುಗಾದಿಯ ಹಿಂದಿನ ದಿನ ಶಾಲೆಯಿಂದ ಬಂದು ನೋಡುತ್ತೇನೆ, ತೆಪ್ಪ ಹಸಿರಾಗಿದೆ. ಮನೆಗೆಲಸದಾಕೆ ಇಡೀ ಜಗಲಿಗೆ ಸಗಣಿ ಸಾರಿಸಿ, ಮೇಲೆ ದೊಡ್ಡ ರಂಗೋಲಿ ಬಿಟ್ಟಿದ್ದಳು.

"ಇದೇನಮ್ಮ ಮಾಡಿದೆ?"

"ಅಮ್ಮಾವ್ರಿಲ್ಲ ಅಂತ ಹಬ್ಬದ ದಿನ ನೆಲ ಬರಿದಾಗಿ ಬಿಟ್ಬುಡಾದಾ ಸಾ?"

ಹಬ್ಬ ಕಳೆಯಲು ಬಿಟ್ಟು, ಆಮೇಲೆ ತೆಂಗಿನ ನಾರು ಹಿಡಿದು ರಜೆ ರಜೆಗೂ ಕೂತು ಉಜ್ಜಿದೆ. ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಬೇಕಾಯಿತು. ಕೊನೆಗೆ ಹಲಗೆ ಮೊದಲಿನ ಬಣ್ಣಕ್ಕೆ ಬಂದ ದಿನ ಆಕೆ ಪೊರಕೆ ಊರಿಕೊಂಡು ನಿಂತು ನೋಡಿದಳು.

"ನೋಡಿ ಸಾ, ಸಗಣಿ ಬಿದ್ದ ಮ್ಯಾಕೆ ಹಲಗೆ ಎಂಗೆ ಹೊಳೀತದೆ!"

ಎಣ್ಣೆ

ಅಗಸೆ ಎಣ್ಣೆಗೆ ಹೊಸೂರಿನ ಒಂದು ಎಣ್ಣೆ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ನೆರೆತ ತಲೆ ನೋಡಿ, ಮಂಡಿನೋವೇ ಎಂದು ತಮಿಳಿನಲ್ಲಿ ಕೇಳಿದ. ಅಲ್ಲ ಎಂದೆ.

"ಮತ್ತೆ ಬೆನ್ನಾ ಸಾರ್? ನೂರು ಮಿಲಿ ಸಾಕು, ಬಿಸಿ ಮಾಡಿ ತಿಕ್ಕಿ."

"ಐದು ಲೀಟರ್ ಕೊಡಪ್ಪ."

ಅವನ ಕೈ ನಿಂತಿತು. "ಐದು ಲೀಟರಾ? ಯಾರಿಗೆ ಸಾರ್?"

"ಮನೆ ಹಿಂದೆ ಇದೆ. ಹನ್ನೆರಡು ಅಡಿ ಉದ್ದ. ವರ್ಷಕ್ಕೊಂದು ಸಲ ಮೈಗೆಲ್ಲ ಹಚ್ಚಬೇಕು."

ನಾನು ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಟ್ಟಿದ್ದೆ. ಆದರೆ ಅವನು ಡಬ್ಬ ತುಂಬಿಸಿ, ಹತ್ತಿರ ಬಾಗಿ, ದನಿ ತಗ್ಗಿಸಿ ಕೇಳಿದ:

"ಆನೆ ಸಾಕೋಕೆ ಫಾರೆಸ್ಟ್‌ನವರು ಬಿಡ್ತಾರಾ ಸಾರ್?"

ಸಂದು

ಪಕ್ಕದ ಮನೆ ಗಾರೆಯವನು ಬಲು ಉಪಕಾರಿ. ಪರೀಕ್ಷೆಯ ಕೆಲಸಕ್ಕೆ ನಾನು ಕೆಲವು ದಿನ ಕೃಷ್ಣಗಿರಿಯಲ್ಲಿ ಉಳಿಯಬೇಕಾಯಿತು. ಹಿಂತಿರುಗಿದಾಗ ಬಾಗಿಲಲ್ಲೇ ಕಾಯುತ್ತಿದ್ದ.

"ಸಾರ್, ನಿಮ್ಮ ಬಡಗಿ ಮೋಸ ಮಾಡವ್ನೆ. ಹಲಗೆ ಹಲಗೆಗೂ ಸಂದು ಬಿಟ್ಬುಟ್ಟವ್ನೆ! ಪಾಪ, ಮೇಷ್ಟ್ರು ಒಬ್ರೇ ಅವ್ರೆ ಅಂತ ನಾನೇ ಎಲ್ಲಾ ಸಿಮೆಂಟಾಕಿ ಮುಚ್ಬುಟ್ಟೆ."

ಗೆರೆ ಎಳೆದಂತೆ ಮುಚ್ಚಿದ್ದ. ಅಂಚುಗಳಿಗೂ ಒಂದು ಕಟ್ಟೆ ಕಟ್ಟಿದ್ದ. ಆ ವಾರವೇ ಮಳೆ ಹೊಯ್ದು ಜಗಲಿಯ ಮೇಲೆ ಪಾದ ಮುಳುಗುವಷ್ಟು ನೀರು ನಿಂತಿತು. "ಅಂತೂ ತೆಪ್ಪಕ್ಕೆ ನೀರು ಬಂತು" ಎಂದು ನೆರೆಯವರಿಗೆ ಸಂತೋಷ. ಹಲಗೆ ಕೊಳೆತೀತೆಂದು ನನಗೆ ಸಂಕಟ. ಗಾರೆಯವನನ್ನು ಕರೆತಂದು ತೋರಿಸಿದೆ. ಅವನು ನೀರಿನ ಸುತ್ತ ಬಗ್ಗಿ ಬಗ್ಗಿ ನೋಡಿ, ಎದ್ದು ನಿಂತು ಮೀಸೆ ಸವರಿದ.

"ನೋಡಿ ಸಾರ್ ಕೆಲ್ಸಾನ. ಒಂದು ತೊಟ್ಟು ಸೋರಿಲ್ಲ!"

ಕರಿಕಲ್ಲು

ಸಂದುಗಳ ಸಿಮೆಂಟನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದಾಗಿತ್ತು. ಮರುವರ್ಷ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಮನೆ ಮುಂದೆ ಟ್ರ್ಯಾಕ್ಟರ್ ನಿಂತಿತು. ಬಾಮೈದ ಇಬ್ಬರು ಆಳುಗಳೊಂದಿಗೆ ಕಲ್ಲು ತಂದಿದ್ದ. ಕನ್ನಡಿಯಂತೆ ಪಾಲಿಶ್ ಮಾಡಿದ ಕರಿಕಲ್ಲು.

"ನೋಡೋಣ ಅಂತಿದ್ರಲ್ಲ ಭಾವ, ನೋಡಿ. ಈಗ ಸುತ್ತ ಹಾಸ್ತೀವಿ. ಊಟ ಆದ್ಮೇಲೆ ತೆಪ್ಪ ಕಿತ್ತು ಮಧ್ಯಕ್ಕೂ ಹಾಸ್ತೀವಿ."

ನಾನು ಆಗಲೂ ಬೇಡವೆನ್ನಲಿಲ್ಲ. ಅಡಿಗೆಮನೆ ಬಾಗಿಲಿಂದ ತೆಪ್ಪದವರೆಗೆ, ಆಮೇಲೆ ತೆಪ್ಪದ ಸುತ್ತ ಕಲ್ಲು ಬಿತ್ತು. ಪಾಲಿಶ್ ಮೇಲೆ ಗೀರು ಬೀಳುತ್ತದೆಂದು ಅವನು ಎಲ್ಲರ ಚಪ್ಪಲಿಯನ್ನೂ ಬಾಗಿಲ ಬಳಿ ಬಿಡಿಸಿದ್ದ. ತನ್ನದನ್ನೂ ಬಿಟ್ಟಿದ್ದ. ಆಳುಗಳು ಊಟಕ್ಕೆ ಹೋದರು. ಅವನು ತೆಪ್ಪದ ಮೇಲೆ ಹೊಂಗೆಯ ನೆರಳಿನಲ್ಲಿ ಕೂತು ತನ್ನ ಕಲ್ಲನ್ನೇ ನೋಡುತ್ತ ಮೈಮರೆತ.

ಬಿಸಿಲು ನೆತ್ತಿಗೆ ಬಂತು. ಆಳುಗಳು ಬಂದು ಬಾಗಿಲಲ್ಲೇ ನಿಂತರು. ಒಬ್ಬ ಬರಿಗಾಲನ್ನು ಕಲ್ಲಿನ ಮೇಲಿಟ್ಟು ಚಂಗನೆ ಹಿಂದಕ್ಕೆ ತೆಗೆದ.

"ಅಣ್ಣಾ, ಕಾಲು ಸುಡ್ತದೆ. ಚಪ್ಪಲಿ ಹಾಕ್ಕಂಡು ಬರಾನಾ?"

"ಪಾಲಿಶ್ ಮ್ಯಾಕೆ ಚಪ್ಪಲೀನಾ? ಥೂ ನಿಮ್ಮ! ಕರಿಕಲ್ಲು ಅಂಗೇನೂ ಸುಡಲ್ಲ ಕಣ್ಲಾ!" ಎಂದು ಗದರಿ, ತೋರಿಸಲೆಂದು ತಾನೇ ತೆಪ್ಪದಿಂದ ಇಳಿದ. ಇಳಿದಷ್ಟೇ ವೇಗದಲ್ಲಿ ಮೇಲೆ ಹಾರಿ, ಅಂಗಾಲು ಹಿಡಿದುಕೊಂಡು ಕೂತ.

"ಚಪ್ಪಲಿ ತರಲೇನಪ್ಪ?" ಎಂದೆ.

ಆಳುಗಳು ನೋಡುತ್ತಿದ್ದರು. "ಬ್ಯಾಡ ಭಾವ. ಇಲ್ಲೇ ತಂಪಾಗದೆ."

ಊಟದ ತಟ್ಟೆಯನ್ನು ನಾನು ಚಪ್ಪಲಿ ಮೆಟ್ಟಿಕೊಂಡೇ ಒಯ್ದೆ. ಅವನು ನನ್ನ ಕಾಲು ನೋಡಿದ, ತಟ್ಟೆ ನೋಡಿದ, ಊಟ ಮಾಡಿದ. ಉಂಡು ಅಲ್ಲೇ ಮಲಗಿದ. ಆಳುಗಳು ಕಾದು ಕಾದು ಬಸ್ ಹತ್ತಿದರು. ಹೊತ್ತು ಇಳಿದ ಮೇಲೆ ಎದ್ದು ಕೂತು, ಹಲಗೆಯ ಮೇಲೆ ಕೈ ಆಡಿಸಿದ.

"ಕಲ್ಲು ಇಷ್ಟು ಕಾಯ್ತದೆ ಅಂತ ಅಕ್ಕಂಗೆ ಗೊತ್ತಿತ್ತಾ ಭಾವ?"

"ಕಲ್ಲಿನ ವ್ಯಾಪಾರದ ನಿಮ್ಮ ಮನೇಲಿ ಹುಟ್ಟಿದವಳಲ್ಲವೇನಪ್ಪ. ಕಾಲು ಸುಟ್ಟುಕೊಂಡೇ ಬೆಳೆದಿದ್ದಳು."

ತೆಪ್ಪ ಕೀಳುವ ಮಾತು ಮತ್ತೆ ಬರಲಿಲ್ಲ. ಕಲ್ಲನ್ನು ವಾಪಸ್ ಒಯ್ಯಲು ಮಾತ್ರ ಅವನ ಮರ್ಯಾದೆ ಬಿಡಲಿಲ್ಲ. ಈಗ ಬೇಸಿಗೆಯಲ್ಲಿ ಬೀದಿಯ ಹೆಂಗಸರೆಲ್ಲ ಅಲ್ಲೇ ಸಂಡಿಗೆ ಹಾಕುತ್ತಾರೆ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಗರಿಗರಿ. ಈ ಸಲ ಬಾಮೈದ ಬಂದು ತೆಪ್ಪದ ಮೇಲೆ ಕೂತಿದ್ದಾಗ ಒಬ್ಬಾಕೆ ಕೇಳಿದಳು, "ಸಂಡಿಗೆ ಒಣಗ್ಸಾಕೆ ಅಂತ ಪಾಲಿಶ್ ಕಲ್ಲು ಹಾಕ್ಸಿದ ಪುಣ್ಯಾತ್ಮ ಯಾರು ಮೇಷ್ಟ್ರೆ?"

ನಾನು ಬಾಯಿ ತೆರೆಯುವ ಮೊದಲೇ ಅವನೆಂದ: "ನಾನೇ ಕಣಮ್ಮ. ನಮ್ಮಕ್ಕನ ನೆಪ್ಪಿಗೆ. ಅವಳಿಗೆ ಸಂಡಿಗೆ ಅಂದ್ರೆ ಪ್ರಾಣ."

ನನ್ನ ಹೆಂಡತಿ ಜನ್ಮದಲ್ಲಿ ಸಂಡಿಗೆ ಮುಟ್ಟಿದವಳಲ್ಲ. ಅವನು ನನ್ನ ಕಡೆ ನೋಡಿದ.

"ಹೌದಮ್ಮ, ಪ್ರಾಣ" ಎಂದೆ.