ಸೆನ್ಸ್ ಇಲ್ಲದ ಸೆನ್ಸರ್

ಇಪ್ಪತ್ತೆರಡು ವರ್ಷ ತುಟಿಯ ಮೇಲೆ ಬೆರಳಿಟ್ಟುಕೊಂಡು "ಶ್! ಸದ್ದು!" ಎನ್ನುತ್ತಲೇ ಹೊಟ್ಟೆ ಹೊರೆದ ಮನುಷ್ಯನಿಗೆ ಒಂದು ದಿನ ಡ್ರಮ್ ಬಾರಿಸುವ ಹುಚ್ಚು ಹಿಡಿದರೆ ಅದು ಅವನ ತಪ್ಪಲ್ಲ. ಒಳಗೆ ಅಷ್ಟು ಸದ್ದು ಶೇಖರವಾಗಿರುತ್ತದೆ. ನಮ್ಮ ಗ್ರಂಥಪಾಲಕರಿಗೆ ಆದದ್ದೂ ಇದೇ. ನೌಕರರ ಸಂಘದ ವಾರ್ಷಿಕೋತ್ಸವಕ್ಕೆ ವಾದ್ಯತಂಡ ಕಟ್ಟುವ ಮಾತು ಬಂತು. ಗಿಟಾರಿಗೆ ಟೈಪಿಸ್ಟ್ ಸಿಕ್ಕಿದ, ಹಾಡಲು ಬೈಂಡಿಂಗ್ ವಿಭಾಗದ ಮೇಡಂ ಒಪ್ಪಿದರು. ಡ್ರಮ್ಮಿಗೆ ಜನವಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಗ್ರಂಥಪಾಲಕರು ಎದ್ದು ನಿಂತರು.

"ನಾನು ಬಾರಿಸ್ತೀನಿ. ಅಷ್ಟೇ ಅಲ್ಲ, ಡ್ರಮ್ಮನ್ನೂ ನಾನೇ ಮಾಡ್ಕೊಂಡು ಬರ್ತೀನಿ. ಎಲೆಕ್ಟ್ರಾನಿಕ್ ಡ್ರಮ್!"

(ಅಲ್ಲಿಯವರೆಗೆ ಅವರು ನುಡಿಸಿ ಬಲ್ಲ ಏಕೈಕ ತಾಳವಾದ್ಯವೆಂದರೆ ಪುಸ್ತಕಕ್ಕೆ ಒತ್ತುವ ತಾರೀಖಿನ ಮುದ್ರೆ.)

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಸಮವಸ್ತ್ರಗಳನ್ನು ಹೊಲಿಯುತ್ತಿದ್ದರು. ಸುದ್ದಿ ಕೇಳಿ ಯಂತ್ರ ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

"ರೀ, ಒಂದು ಮೊಳೆ ಹೊಡೆಯೋಕೆ ಹೋಗಿ ಅರ್ಧ ಗೋಡೆ ಉದುರಿಸಿದೋರು ನೀವು. ಡ್ರಮ್ ಮಾಡ್ತೀರಾ?"

"ಇದು ಮೊಳೆ ಅಲ್ಲ ಕಣೇ, ಸೂಕ್ಷ್ಮ ವಿಜ್ಞಾನ. ರಬ್ಬರ್ ಹಾಳೆ, ಅದರ ಕೆಳಗೆ ಸೆನ್ಸರ್ ಬಿಲ್ಲೆ. ಕೋಲಿಂದ ಹೊಡೆದ್ರೆ ಬಿಲ್ಲೆ ನಡುಗುತ್ತೆ, ನಡುಗಿದ್ದು ವೈರಲ್ಲಿ ಪೆಟ್ಟಿಗೆಗೆ ಹೋಗುತ್ತೆ, ಪೆಟ್ಟಿಗೆ ಡ್ರಮ್ಮಿನ ಸದ್ದು ಮಾಡುತ್ತೆ. ಅದೂ ಹೆಡ್‌ಫೋನಲ್ಲಿ ಮಾತ್ರ!"

"ಅಂದ್ರೆ ನೀವು ಬಾರಿಸಿದ್ದು ನಿಮಗೊಬ್ಬರಿಗೇ ಕೇಳೋದು?"

"ಹ್ಞೂಂ."

"ಹಾಗಾದ್ರೆ ಇವತ್ತೇ ಶುರು ಮಾಡಿ," ಎಂದು ಪರಮ ಉದಾರವಾಗಿ ಅಪ್ಪಣೆಯಾಯಿತು.

ವಾರದೊಳಗೆ ಇಸ್ತ್ರಿ ಮೇಜಿನ ಸ್ಪಂಜು ಮಾಯವಾಯಿತು, ಅಡುಗೆಮನೆಯ ನಾಲ್ಕು ಮುಚ್ಚಳಗಳು ಕಾಣೆಯಾದವು. "ಅಲ್ವೋ, ಇನ್ಮೇಲೆ ಹಾಲಿಗೆ ಏನು ಮುಚ್ಚಲಿ? ನಿನ್ನ ಪುಸ್ತಕಾನಾ?" ಎಂದು ಗ್ರಂಥಪಾಲಕರ ತಾಯಿ ಕೇಳಿದ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿರಲಿಲ್ಲ.

ಸೆನ್ಸರ್ ಆರಿಸಲು ಅವರು ಬೀದಿ ಕೊನೆಯ ರೇಡಿಯೊ ರಿಪೇರಿಯವನ ಅಂಗಡಿಗೆ ಹೋದರು. ಹೆಣ್ಣು ನೋಡಲು ಹೋದವರಂತೆ ಗಂಭೀರವಾಗಿ ಕೂತರು. ಅವನು ಮೂರು ಬಗೆಯ ಹಿತ್ತಾಳೆ ಬಿಲ್ಲೆ ಮುಂದಿಟ್ಟ: ಉಗುರಿನಷ್ಟು, ನಾಣ್ಯದಷ್ಟು, ಬಿಸ್ಕತ್ತಿನಷ್ಟು. ಮೊದಲು ಉಗುರಿನಷ್ಟರದು ಮನೆಗೆ ಬಂತು. ಅದು ಮೆಲ್ಲಗೆ ಹೊಡೆದರೆ ಕೇಳಿಸಿಕೊಳ್ಳದು. ಸರ್ಕಾರಿ ಕಚೇರಿಯ ಕಿಟಕಿಯಂತೆ, ಮೂರು ಸಲ ಗುದ್ದಿದರೆ ಒಂದು ಸಲ ಓಗೊಟ್ಟೀತು. ವಾಪಸು ಕೊಟ್ಟು ಬಿಸ್ಕತ್ತಿನಷ್ಟರದು ತಂದರು. ಅದು ಎಲ್ಲವನ್ನೂ ಕೇಳಿಸಿಕೊಂಡಿತು. ಅಡುಗೆಮನೆಯಲ್ಲಿ ತಾಯಿ ಸೀನಿದರೆ ಧಡ್! ಹೆಂಡತಿ ಬಾಗಿಲು ಎಳೆದುಕೊಂಡರೆ ಝಣ್! ಹೆಡ್‌ಫೋನ್ ಹಾಕಿಕೊಂಡ ಗ್ರಂಥಪಾಲಕರು ಕೂತಲ್ಲೇ ಎಗರಿ ಬೀಳುತ್ತಿದ್ದರು.

ಕೊನೆಗೆ ನಾಣ್ಯದಷ್ಟರದು. ಅದರ ಕಾಯಿಲೆಯೇ ಬೇರೆ. ಒಂದು ಮುಚ್ಚಳಕ್ಕೆ ಹೊಡೆದರೆ ಪಕ್ಕದ ಮುಚ್ಚಳವೂ ಸದ್ದು ಮಾಡುತ್ತಿತ್ತು.

"ಥೇಟ್ ನಿಮ್ಮ ಮನೆತನ ನೋಡಿ. ಒಬ್ಬರನ್ನ ಕೇಳಿದ್ರೆ ಇನ್ನೊಬ್ಬರು ಉತ್ತರ ಕೊಡ್ತಾರೆ," ಎಂದರು ಹೆಂಡತಿ.

"ಯಾರೇ ಅದು ಉತ್ತರ ಕೊಡೋರು?" ಎಂದು ಒಳಗಿನಿಂದ ಅತ್ತೆ ಉತ್ತರ ಕೊಟ್ಟರು.

ಪ್ರತಿ ಮುಚ್ಚಳದ ಅಡಿಗೂ ದಪ್ಪ ಸ್ಪಂಜು ಕೊಟ್ಟ ಮೇಲೆ ಅದೂ ಸರಿಹೋಯಿತು. ಆಗಲೇ ನಿಜವಾದ ಸಂಕಟ ಶುರುವಾದದ್ದು. ಟೈಪಿಸ್ಟ್ ಗಿಟಾರನ್ನು ರೆಕಾರ್ಡ್ ಮಾಡಿ ಕಳಿಸಿದ್ದ. ಅದರ ಜೊತೆಗೆ ಬಾರಿಸಿದರೆ ಗಿಟಾರು ಊರು ಮುಟ್ಟಿದ ಮೇಲೆ ಡ್ರಮ್ಮು ಮನೆ ಬಿಡುತ್ತಿತ್ತು. ಗ್ರಂಥಪಾಲಕರು ಅಂಟು ಬದಲಿಸಿದರು, ವೈರು ಬದಲಿಸಿದರು, ಬಿಲ್ಲೆಯನ್ನು ಒಂಬತ್ತು ಸಲ ಬದಲಿಸಿದರು. ಡ್ರಮ್ಮು ತಡವಾಗಿಯೇ ಬಂತು.

"ಈ ಸೆನ್ಸರ್‌ಗೆ ಸೆನ್ಸೇ ಇಲ್ಲ!"

"ಮನೇಲಿ ಯಾರಿಗೋ ಇಲ್ಲ ಅಂತ ನನಗೂ ಅನ್ನಿಸ್ತಿತ್ತು," ಎಂದರು ಹೆಂಡತಿ, ದಾರ ಕಚ್ಚಿ ಹರಿಯುತ್ತ.

ವಾರ್ಷಿಕೋತ್ಸವಕ್ಕೆ ಎರಡೇ ದಿನ ಉಳಿದಾಗ ರಿಪೇರಿಯವನನ್ನೇ ಮನೆಗೆ ಎಳೆತಂದರು. ಅವನು ಬಿಲ್ಲೆಗಳನ್ನೆಲ್ಲ ತಟ್ಟಿ ನೋಡಿ, ಪೆಟ್ಟಿಗೆಗೆ ಸ್ಪೀಕರ್ ಸಿಕ್ಕಿಸಿ ಗ್ರಂಥಪಾಲಕರು ಒಂದು ಹಾಡಿಗೆ ಬಾರಿಸುವುದನ್ನು ಕೇಳಿ, ಸಾವಿನ ಸುದ್ದಿ ಹೇಳುವವನಂತೆ ಗಂಟಲು ಸರಿಮಾಡಿಕೊಂಡ.

"ಸಾರ್, ಸೆನ್ಸರ್ ಏನೂ ತಡ ಮಾಡ್ತಿಲ್ಲ. ನೀವು ಹೊಡೆದ ತಕ್ಷಣ ಹೇಳುತ್ತೆ. ಆದ್ರೆ ನೀವು... ಹೊಡೆಯೋದೇ..."

"ಕುಣಿಯೋಕೆ ಬಾರದೋಳು..." ಎಂದು ತಾಯಿ ಶುರು ಮಾಡಿದರು.

"ಅಮ್ಮಾ, ಆ ಗಾದೆ ನಂಗೊತ್ತು!"

ಅನುಮಾನ ಬೇಡವೆಂದು ರಿಪೇರಿಯವನು ಹೆಂಡತಿಯ ಕಡೆ ತಿರುಗಿದ. "ಅಕ್ಕಾ, ನೀವೊಂದ್ಸಲ ಕೂತು ನೋಡ್ತೀರಾ?"

ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಅವರು ಬಂದು ಕೂತರು. ಹದಿನೆಂಟು ವರ್ಷ ಕಾಲಲ್ಲಿ ಯಂತ್ರ ತುಳಿಯುತ್ತ, ಒಂದು ಕೈಯಲ್ಲಿ ಬಟ್ಟೆ ನೂಕುತ್ತ, ಇನ್ನೊಂದರಲ್ಲಿ ಎಳೆಯುತ್ತ ಬಂದ ದೇಹ ಅದು. ಕಾಲು ತಾನಾಗಿ ದೊಡ್ಡ ಡ್ರಮ್ಮಿನ ಪೆಡಲಿಗೆ ಹೋಯಿತು. ಎರಡು ಸಾಲು ತಡವರಿಸಿದರು. ಆಮೇಲೆ ಹಾಡು ಮುಗಿಯುವವರೆಗೆ ಡ್ರಮ್ಮು ಗಿಟಾರಿಗೆ ಅಂಚು ಹೊಲಿದಂತೆ ಅಂಟಿಕೊಂಡೇ ಹೋಯಿತು.

"ಸೆನ್ಸರ್ ಈಗ ಸ್ವಲ್ಪ ಪಳಗಿದೆ," ಎಂದರು ಗ್ರಂಥಪಾಲಕರು. ಅವರು ಎದ್ದುಹೋಗಿ ಹಿತ್ತಲಲ್ಲಿ ಬಹಳ ಹೊತ್ತು ನಿಂತರು. ಸಂಘದವರೆಲ್ಲರ ಮುಂದೆ ಎದೆ ತಟ್ಟಿಕೊಂಡ ಸದ್ದು ಮಾತ್ರ ಸರಿಯಾದ ತಾಳದಲ್ಲಿ ಕಿವಿಯಲ್ಲಿ ಮೊಳಗುತ್ತಿತ್ತು.

ಮರುದಿನ ಟೈಪಿಸ್ಟ್‌ಗೆ ವಿಷಯ ಹೇಳಿದರೆ, ಅವನು ಕನಿಷ್ಠ ಶಿಷ್ಟಾಚಾರಕ್ಕಾದರೂ ಬೇಸರಪಡಬೇಡವೇ? "ಅಬ್ಬಾ! ನಿಮ್ಮ ಮನೆ ಮೇಡಮ್ಮನ್ನೇ ಕರ್ಕೊಂಡು ಬನ್ನಿ ಸಾರ್," ಎಂದುಬಿಟ್ಟ.

ಮನೆ ಮೇಡಮ್ಮು ಒಪ್ಪಬೇಕಲ್ಲ! "ಮೂವತ್ತು ಅಂಗಿಗೆ ಗುಂಡಿ ಹಾಕೋದು ಬಾಕಿ ಇದೆ. ನೀವು ಹಾಕ್ತೀರಾದ್ರೆ ಬರ್ತೀನಿ." ಗ್ರಂಥಪಾಲಕರು ಹಾಕಿದರು. ಬೆರಳಿಗೆ ಸೂಜಿ ಚುಚ್ಚಿಕೊಂಡಾಗಲೆಲ್ಲ ಆ ಕಡೆ ಅಭ್ಯಾಸ ನಡೆಸಿದ್ದ ಹೆಂಡತಿ ಹೆಡ್‌ಫೋನ್ ಸರಿಸಿ, "ತಾಳ ಇಲ್ದಿದ್ರೂ ನಿಮಗೆ ತಾಳ್ಮೆ ಇದೆ ರೀ," ಎಂದು ಸಮಾಧಾನ ಹೇಳುತ್ತಿದ್ದರು.

ವಾರ್ಷಿಕೋತ್ಸವದಲ್ಲಿ ಮೊದಲ ಹಾಡಿಗೇ ಸಭೆ ಬೆರಗಾಯಿತು. ಎರಡನೆಯದರ ನಡುವೆ ದೊಡ್ಡ ಡ್ರಮ್ಮು ಇದ್ದಕ್ಕಿದ್ದಂತೆ ಮೂಕವಾಯಿತು. ಬೆಸುಗೆ ಬಿಟ್ಟಿತ್ತು. (ಬೆಸೆದವರು ಯಾರೆಂದು ಬೇರೆ ಹೇಳಬೇಕೆ?) ಗ್ರಂಥಪಾಲಕರು ಪರದೆಯ ಹಿಂದಿನಿಂದ ತೆವಳಿಕೊಂಡು ಹೋಗಿ, ಸ್ಟ್ಯಾಂಡಿನ ಕೆಳಗೆ ಮುದುರಿ, ವೈರನ್ನು ಬಿಲ್ಲೆಗೆ ಹೆಬ್ಬೆರಳಿಂದ ಒತ್ತಿ ಹಿಡಿದರು. ಡ್ರಮ್ಮು ಬದುಕಿತು. ಇನ್ನೂ ಐದು ಹಾಡು ಬಾಕಿ ಇದ್ದವು. ಕಾಲು ಜೋಮು ಹಿಡಿಯಿತು, ಮೂಗು ತುರಿಸಿತು, ಬೆರಳು ಕದಲಲಿಲ್ಲ. ಚಪ್ಪಾಳೆ ಮೇಲುಗಡೆಯೇ ಹಾದುಹೋಯಿತು.

ಆ ದಿನದ ಫೋಟೊವನ್ನು ಈಗ ಗ್ರಂಥಾಲಯದ ಬಾಗಿಲಲ್ಲೇ ತೂಗುಹಾಕಿದ್ದಾರೆ. ನಡುವೆ ಹೆಂಡತಿ, ಆಚೆಗೆ ಟೈಪಿಸ್ಟ್, ಈಚೆಗೆ ಬೈಂಡಿಂಗ್ ಮೇಡಂ. ಡ್ರಮ್ಮುಗಳ ಅಡಿಯಲ್ಲಿ ಕಂದು ಬಣ್ಣದ್ದೇನೋ ಒಂದಿಷ್ಟು ಕಾಣುತ್ತದೆ. ಹೊಸದಾಗಿ ಸದಸ್ಯರಾದ ಅಜ್ಜಿಯೊಬ್ಬರು ಮೊನ್ನೆ ಅದನ್ನು ದಿಟ್ಟಿಸುತ್ತಿದ್ದಾಗ ಗ್ರಂಥಪಾಲಕರಿಗೆ ತಡೆಯಲಾಗಲಿಲ್ಲ.

"ಅದು ನನ್ನ ಮೊಣಕಾಲು," ಎಂದರು.

ಅಜ್ಜಿ ಕನ್ನಡಕ ಏರಿಸಿಕೊಂಡು ಮತ್ತೊಮ್ಮೆ ನೋಡಿದರು.

"ಹೌದಾ ಪಾಪ! ನಾನು ಸ್ಟೂಲು ಅಂದ್ಕೊಂಡಿದ್ದೆ."